ಕೊಡೆ ಎತ್ತಿದರೆ ನಿಲ್ಲುವ ಲಾಂಚು

ಮೆಟ್ಟಿಲುಬೀದಿಯ ಮನೆ,
ಭಾನುವಾರ ಬೆಳಗ್ಗೆ, ಅಡುಗೆಮನೆಯ ಮೇಜಿನಿಂದ

ಪ್ರೀತಿಯ ಅತ್ತೆ,

ಮಂಡಿ ಹೇಗಿದೆ? ‘ಚೆನ್ನಾಗಿದೆ’ ಎಂದು ನೀವು ಫೋನಿನಲ್ಲಿ ಹೇಳುವುದನ್ನು ನಾನು ನಂಬುವುದಿಲ್ಲ. ಆಪರೇಷನ್ನಿನ ಹಿಂದಿನ ದಿನವೂ ನೀವು ಹಾಗೆಯೇ ಹೇಳಿದ್ದಿರಿ. ರಾತ್ರಿ ನಿದ್ದೆ ಬರುತ್ತಿದೆಯೇ, ಕಾಲು ಪೂರ್ತಿ ಮಡಚಲು ಆಗುತ್ತದೆಯೇ, ಹೊಸ ಕನ್ನಡಕ ಮೂಗಿನ ಮೇಲೆ ಸರಿಯಾಗಿ ಕೂರುತ್ತದೆಯೇ, ಎಲ್ಲವನ್ನೂ ಬರೆಯಿರಿ. ಕೊನೆಯದು ನಿಮ್ಮ ಮಗನ ಪ್ರಶ್ನೆ. ಅವರಿಗೆ ಅಮ್ಮನ ಮಂಡಿಗಿಂತ ಅಮ್ಮನ ಕನ್ನಡಕದ ಚಿಂತೆ ಜಾಸ್ತಿ, ಅದು ನಿಮಗೆ ಗೊತ್ತೇ ಇದೆ. ವೈದ್ಯರು ಕೊಟ್ಟ ಊರುಗೋಲು ಬಾಗಿಲ ಹಿಂದೆ ನಿಂತೇ ಇದೆಯಂತೆ, ನೀವು ಗೋಡೆ ಹಿಡಿದುಕೊಂಡು ಓಡಾಡುತ್ತೀರಂತೆ. ಆಪರೇಷನ್ನಿಗೆಂದು ನಿಮ್ಮನ್ನು ತಮ್ಮ ಮನೆಗೆ ಕರೆದೊಯ್ದ ಅತ್ತಿಗೆಯೇ ದೂರು ಹೇಳಿದರು. ‘ಕೋಲು ಹಿಡಿದ ದಿನವೇ ನಾನು ಮುದುಕಿ’ ಎಂದಿರಂತೆ. ನಾನು ಅತ್ತಿಗೆಯ ಪಕ್ಷವನ್ನೂ ವಹಿಸಲಿಲ್ಲ, ನಿಮ್ಮ ಪಕ್ಷವನ್ನೂ ವಹಿಸಲಿಲ್ಲ. ಗೋಡೆಗಳ ಬಗ್ಗೆ ಮಾತ್ರ ಮರುಕ ಬಂತು, ಅವರು ಹೊಸದಾಗಿ ಬಣ್ಣ ಹೊಡೆಸಿದ್ದಾರಲ್ಲ.

ಫೋನಿರುವಾಗ ಕಾಗದ ಯಾಕೆ ಎಂದು ಕೇಳಬೇಡಿ. ಅತ್ತಿಗೆ ಫೋನನ್ನು ಮೇಜಿನ ನಡುವೆ ಇಟ್ಟು ಎಲ್ಲರಿಗೂ ಕೇಳುವ ಹಾಗೆ ಮಾಡುತ್ತಾರೆ, ಆಗ ನೀವು ವಾರ್ತೆ ಓದುವವರ ಹಾಗೆ ಮಾತಾಡುತ್ತೀರಿ. ಇದು ನೀವೊಬ್ಬರೇ ಕಿಟಕಿ ಪಕ್ಕ ಕೂತು ಓದುವುದಕ್ಕೆ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನಿಮ್ಮ ಹೊಲಿಗೆ ಯಂತ್ರಕ್ಕೆ ವಾರಕ್ಕೊಮ್ಮೆ ಎಣ್ಣೆ ಬಿಡುತ್ತಿದ್ದೇನೆ, ಆದರೆ ಚಕ್ರ ತಿರುಗಿಸಿಲ್ಲ. ಅದು ನನ್ನ ಕೈ ಗುರುತಿಸಿ ಸಿಟ್ಟು ಮಾಡಿಕೊಳ್ಳುತ್ತದೆ ಎಂಬ ಅನುಮಾನ ನನಗೆ ಮದುವೆಯಾದಾಗಿನಿಂದಲೂ ಇದೆ. ಲೈಬ್ರರಿಗೆ ಹೊಸ ಕವನ ಸಂಕಲನಗಳು ಬಂದಿವೆ, ಲಾಂಚಿನಲ್ಲಿ ಹೋಗುತ್ತಾ ಒಂದು, ಬರುತ್ತಾ ಒಂದು ಪದ್ಯ ಓದುತ್ತೇನೆ. ಹೊಳೆ ದಾಟುವಷ್ಟರಲ್ಲಿ ಮುಗಿಯದ ಪದ್ಯ ಅಗತ್ಯಕ್ಕಿಂತ ಉದ್ದವಾಯಿತು ಎಂಬುದು ಈಗ ನನ್ನ ಖಚಿತ ಅಭಿಪ್ರಾಯ.

ಆ ಲಾಂಚಿನ ಸುದ್ದಿಯೇ ಈ ಕಾಗದ. ತುಂಡು ತುಂಡಾಗಿ ನಿಮಗೆ ತಲುಪಿದೆ, ಪೂರ್ತಿ ಕೇಳಿ.

ನೀವು ಹೊರಟ ಮೇಲೆ ಜೆಟ್ಟಿಯ ಗೋಡೆಗೆ ನೋಟಿಸು ಅಂಟಿಸಿದರಲ್ಲ, ಮುಂದಿನ ತಿಂಗಳ ಕೊನೆಗೆ ಪ್ರಯಾಣಿಕರ ಲಾಂಚು ಬಂದ್, ಎಲ್ಲರೂ ಸೇತುವೆಯ ಮೇಲೆ ಬಸ್ಸಿನಲ್ಲಿ ಹೋಗತಕ್ಕದ್ದು ಎಂದು. ಜನ ಹತ್ತುವುದಿಲ್ಲವಂತೆ, ಹೊತ್ತಿಗೆ ಸರಿಯಾಗಿ ಹೊರಡುವುದಿಲ್ಲವಂತೆ, ಬಸ್ಸಾದರೆ ಕಾಲು ಗಂಟೆಯಲ್ಲಿ ಆಚೆ ದಡವಂತೆ. ಅದನ್ನು ಬರೆದವರು ಆ ಬಸ್ಸನ್ನು ಕನಸಿನಲ್ಲಿ ಹತ್ತಿರಬೇಕು. ಊರಿನವರೆಲ್ಲ ಒಂದೊಂದು ಕಾರಣಕ್ಕೆ ಸಿಟ್ಟಾದರು. ನಮ್ಮ ಮನೆಯ ಕಾರಣ ಬೇರೆಯೇ ಇತ್ತು. ಸುದ್ದಿ ಕೇಳಿದ ಸಂಜೆ ನೀವು ಫೋನಿನಲ್ಲಿ, ಆ ವಾರ್ತೆಯ ದನಿಯಲ್ಲೇ, ‘ಲಾಂಚೇ ಇಲ್ಲ ಅಂದ್ಮೇಲೆ ನಾನು ಅಲ್ಲಿಗೆ ಬಂದು ಏನು ಮಾಡ್ಲಿ? ಇಲ್ಲೇ ಇರ್ತೀನಿ ಬಿಡು’ ಎಂದಿರಿ. ನಿಮ್ಮ ಮಗ ಅಂದು ಊಟ ಅರ್ಧಕ್ಕೇ ಬಿಟ್ಟು ಎದ್ದು ಹೋಗಿ, ಆಗಲೇ ಒರೆಸಿದ್ದ ಅಂಗಡಿಯ ಕನ್ನಡಕದ ಗಾಜುಗಳನ್ನು ಮತ್ತೆ ಒರೆಸಿದರು.

ನಿಮ್ಮ ಮಾತು ನನಗೆ ಅರ್ಥವಾಗಿತ್ತು. ಮಧ್ಯಾಹ್ನವಾದರೆ ನೀವು ಈ ದಡದಿಂದ ಹತ್ತುವುದು, ಚಿಕ್ಕತ್ತೆ ಆ ದಡದಿಂದ ಹತ್ತುವುದು, ಅಕ್ಕತಂಗಿ ಇಬ್ಬರೂ ಎಲ್ಲೂ ಇಳಿಯದೆ ಸಂಜೆಯವರೆಗೆ ಅತ್ತಿಂದಿತ್ತ ಹೋಗಿ ಬರುವುದು. ‘ಅವಳ ಮನೆಗೆ ಹೋದ್ರೆ ಅವಳ ಸೊಸೆ ಇರ್ತಾಳೆ, ನಮ್ಮನೆಗೆ ಬಂದ್ರೆ ನೀನಿರ್ತೀಯ’ ಎಂದು ನನ್ನ ಮುಖಕ್ಕೇ ಹೇಳಿದ್ದಿರಿ, ನಾನು ನಕ್ಕಿದ್ದೆ. ಜಗಳವಾಡಿದರೂ ನಡುವೆ ಎದ್ದು ಹೋಗಲಾಗದ ಜಾಗ ಅದೊಂದೇ ಎಂದು ಚಿಕ್ಕತ್ತೆ ಹೇಳುತ್ತಾರೆ. ಲಾಂಚು ನಿಂತರೆ ನಿಮ್ಮ ಮಧ್ಯಾಹ್ನಗಳೇ ನಿಲ್ಲುತ್ತವೆ. ಆಮೇಲೆ ಈ ಮನೆಯಲ್ಲಿ ನಿಮಗೆ ಉಳಿಯುವುದು ನಾವಿಬ್ಬರು ಮತ್ತು ಗೋಡೆ.

ಹೀಗಾಗಿ ಹೋರಾಟ ನಮ್ಮ ಕನ್ನಡಕದ ಅಂಗಡಿಯಲ್ಲೇ ಶುರುವಾಯಿತು. ಬಂದವರಲ್ಲಿ ಅರ್ಧ ಜನ ಕಣ್ಣು ಪರೀಕ್ಷೆಯ ಕುರ್ಚಿಗಾಗಿ ಜಗಳವಾಡಿದರು, ಅದೊಂದೇ ಮೆತ್ತಗಿರುವುದು. ಬ್ಯಾನರು ಬರೆಸುವ ಕೆಲಸ ನಿಮ್ಮ ಮಗ ವಹಿಸಿಕೊಂಡರು, ಅಲ್ಲೇ ತೊಂದರೆಯಾಯಿತು. ಅಕ್ಷರ ಆಚೆ ದಡದಿಂದ ಕನ್ನಡಕವಿಲ್ಲದವರಿಗೂ ಕಾಣಬೇಕು ಎಂದು ಹಟ ಹಿಡಿದರು. ಅವರ ಅಳತೆಯ ಪ್ರಕಾರ ಒಂದು ಬಟ್ಟೆಗೆ ನಾಲ್ಕೇ ಅಕ್ಷರ. ಬೇಕರಿಯಾಕೆ ಎರಡು ಪುಟದ ಘೋಷಣೆ ಬರೆದುಕೊಂಡು ಬಂದಿದ್ದರು, ಪಾಪ, ಕೊನೆಗೆ ಉಳಿದದ್ದು ‘ಲಾಂಚು ಬೇಕು’ ಅಷ್ಟೇ. ‘ಯಾಕೆ ಬೇಕು ಅಂತ ಹಾಕೋದು ಬೇಡ್ವಾ?’ ಎಂದು ಅವರು ಕೇಳಿದರೆ ನಿಮ್ಮ ಮಗ, ‘ಅದನ್ನ ಹತ್ರ ಬಂದಾಗ ಹೇಳಿ’ ಎಂದರು.

ಅಷ್ಟರಲ್ಲಿ ಸಾರಿಗೆಯ ದೊಡ್ಡ ಅಧಿಕಾರಿ ಪರಿಶೀಲನೆಗೆ ಬರುತ್ತಾರೆಂದು ತಿಳಿಯಿತು. ಬೆಳಗ್ಗೆ ಹತ್ತಕ್ಕೆ ಆಚೆ ಜೆಟ್ಟಿಯಲ್ಲಿ ಲಾಂಚು ಹತ್ತಿ ಈಚೆಗೆ ಬಂದು ಜನರ ಮಾತು ಕೇಳಿ ಹೋಗುವುದು ಅವರ ಯೋಜನೆ. ಅವರು ನಡುಹೊಳೆಯಿಂದ ತಲೆಯೆತ್ತಿ ನೋಡಿದಾಗ ಏನು ಕಾಣಬೇಕು ಎಂಬ ಚರ್ಚೆಯಾಯಿತು. ಅಲ್ಲಿ ನಾನು ಬಾಯಿ ಹಾಕಿದೆ. ನಿಮ್ಮ ಕಥೆ ಹೇಳಿದೆ. ನೀವು ಆಚೆ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದ ಕಾಲದಲ್ಲಿ ಒಂದು ದಿನ ತಡವಾಗಿ, ಮೆಟ್ಟಿಲ ತುದಿಗೆ ಬಂದಾಗ ಹಗ್ಗ ಬಿಚ್ಚಿ ಆಗಿತ್ತು. ಕೂಗುವುದು ನಿಮ್ಮ ಜಾಯಮಾನಕ್ಕೇ ಇಲ್ಲ, ಕೆಂಪು ಕೊಡೆ ಬಿಚ್ಚಿ ಮೇಲೆತ್ತಿ ಹಿಡಿದಿರಿ. ಲಾಂಚು ನಡೆಸುವ ಕೆಲಸಕ್ಕೆ ಆಗಷ್ಟೇ ಸೇರಿದ್ದ ಮೌನಿ ಅದನ್ನು ಕಂಡು ಲಾಂಚನ್ನು ಹಿಂದಕ್ಕೆ ತಂದರು. ಅಂದಿನಿಂದ ಈ ಊರಲ್ಲಿ ಬಿಚ್ಚಿದ ಕೊಡೆ ಮೇಲೆ ಕಂಡರೆ ಲಾಂಚು ಕಾಯುತ್ತದೆ. ಎಲ್ಲರಿಗೂ ಗೊತ್ತಿದ್ದ ಸಂಗತಿ, ಆದರೂ ಎಲ್ಲರೂ ಬಾಯಿಬಿಟ್ಟುಕೊಂಡು ಕೇಳಿದರು. ಅದಕ್ಕೇ ನಾವೂ ಅವತ್ತು ಮೆಟ್ಟಿಲ ತುಂಬ ಬಣ್ಣಬಣ್ಣದ ಕೊಡೆ ಬಿಚ್ಚಿ ನಿಲ್ಲೋಣ, ನೀರಿನಲ್ಲಿ ನೆರಳು ಬಿದ್ದರೆ ಎಷ್ಟು ಚಂದ ಎಂದೆ. ಚಪ್ಪಾಳೆ ಬಿತ್ತು. ಪದ್ಯ ಓದುವವರ ಮಾತಿಗೆ ಈ ಊರಲ್ಲಿ ಚಪ್ಪಾಳೆ ಬಿದ್ದದ್ದು ಅದೇ ಮೊದಲು, ನಾನು ಉಬ್ಬಿಹೋದೆ. ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ ನೋಡಿ ಅತ್ತೆ. ನಿಮಗೆ ಆಗಲೇ ಹೊಳೆದು ನಗುತ್ತಿರಬೇಕು.

ಆ ದಿನ ಬಿಸಿಲು ಚೆನ್ನಾಗಿತ್ತು. ಮೇಲಿನ ಮೆಟ್ಟಿಲಿನಿಂದ ಜೆಟ್ಟಿಯವರೆಗೆ ಕೊಡೆಯೋ ಕೊಡೆ. ಹೂವಿನದು, ಚೌಕುಳಿಯದು, ಅಂಗಡಿ ಜಾಹೀರಾತಿನದು, ಕಡ್ಡಿ ಮುರಿದು ಒಂದು ಕಡೆ ಜೋತುಬಿದ್ದದ್ದು. ಕ್ಷೌರದಂಗಡಿಯವರು ಮಗುವಿನ ಕೊಡೆ ತಂದಿದ್ದರು, ಅದಕ್ಕೆ ಬೆಕ್ಕಿನ ಕಿವಿಗಳಿದ್ದವು. ನಾನು ನಿಮ್ಮ ಕೆಂಪು ಕೊಡೆ ಹಿಡಿದು ಎಲ್ಲರಿಗಿಂತ ಮೇಲೆ ನಿಂತಿದ್ದೆ. ಮೌನಿ ಎಂಜಿನ್ ಶುರು ಮಾಡಿದರು, ಅಧಿಕಾರಿಯನ್ನು ಕರೆತರಲು ಆಚೆಗೆ ಹೊರಡಬೇಕಲ್ಲ. ಒಮ್ಮೆ ನಮ್ಮ ಕಡೆ ನೋಡಿದರು. ಚುಕ್ಕಾಣಿಯಿಂದ ಕೈ ತೆಗೆದು ಕೂತರು. ಸ್ವಲ್ಪ ಹೊತ್ತಿಗೆ ಒಂದು ಸಲ ಹಾರ್ನ್ ಹೊಡೆದರು. ನಾವು ಜೋರಾಗಿ ಕೈ ಬೀಸಿದೆವು. ಇನ್ನೊಂದು ಸಲ ಹೊಡೆದರು. ‘ಮೌನಿನೂ ನಮ್ಮ ಕಡೆ ಸೇರ್ಕೊಂಡ’ ಎಂದು ಕ್ಷೌರದವರು ಕುಣಿದರು. ನಿಮ್ಮ ಮಗ ಗಡಿಯಾರ ನೋಡಿಕೊಂಡು, ‘ಸೇರ್ಕೊಂಡಿದ್ದು ಸರಿ, ಹೋಗೋದು ಯಾವಾಗ?’ ಎಂದು ಗೊಣಗಿದರು. ಕೆಳಗೆ ಮೌನಿ ಸಮಾಧಾನವಾಗಿ ಕಾಯುತ್ತಿದ್ದರು. ಇಷ್ಟೊಂದು ಜನ ಬರುವವರಿದ್ದಾರೆ, ಯಾಕೋ ನಿಧಾನ ಮಾಡುತ್ತಿದ್ದಾರೆ, ಬರಲಿ ಎಂದುಕೊಂಡಿದ್ದರಂತೆ.

ಆಚೆ ದಡದಲ್ಲಿ ಆದದ್ದನ್ನು ಚಿಕ್ಕತ್ತೆ ಆಮೇಲೆ ಅಭಿನಯಿಸಿ ತೋರಿಸಿದರು. ಸ್ವಾಗತಕ್ಕೆ ಅವರನ್ನೇ ನಿಲ್ಲಿಸಿದ್ದೆವು, ತೆಪ್ಪಗೆ ನಿಲ್ಲುವವರೇ ಅವರು? ‘ಈಗ ಬರುತ್ತೆ ಮೇಡಂ, ಬಹಳ ಚುರುಕು ಲಾಂಚು’ ಎಂದು ಹತ್ತು ನಿಮಿಷ ಹೇಳಿದರಂತೆ. ಆಮೇಲೆ ‘ಎಂಜಿನ್ ಬಿಸಿ ಮಾಡ್ತಿದ್ದಾರೆ’ ಎಂದರಂತೆ. ಆಮೇಲೆ ಹೇಳಲು ಏನೂ ತೋಚದೆ ನಿಮ್ಮ ಮಂಡಿಯ ಆಪರೇಷನ್ ಕಥೆ ಶುರು ಮಾಡಿದರಂತೆ. ಅಧಿಕಾರಿ ನನ್ನ ವಯಸ್ಸಿನ ಹೆಂಗಸು, ತಾಳ್ಮೆಯವರು, ಮಂಡಿಚಿಪ್ಪಿನವರೆಗೂ ಕೇಳಿದ್ದಾರೆ. ಹೊಲಿಗೆ ಬಿಚ್ಚಿದ ಭಾಗ ಬಂದಾಗ ಎದ್ದು, ‘ನಾನು ಸೇತುವೆ ಮೇಲೇ ಹೋಗ್ತೀನಿ, ಕಾಲು ಗಂಟೆ ದಾರಿ’ ಎಂದು ಕಾರು ಹತ್ತಿಬಿಟ್ಟರು.

ಆ ಕಾರು ಹೊರಟಿದ್ದನ್ನು ಮೇಲಿನ ಮೆಟ್ಟಿಲಿನಿಂದ ಕಂಡಾಗಲೇ ನನ್ನ ತಲೆಗೆ ವಿಷಯ ಹೋದದ್ದು. ‘ಕೊಡೆ ಮಡಚಿ’ ಎಂದು ಕೂಗಿದೆ. ಕೂಗುವುದು ನನ್ನ ಜಾಯಮಾನಕ್ಕೂ ಇಲ್ಲ, ಆದರೆ ಅವತ್ತು ಬಂತು. ಮಾತು ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿಯಿತು, ಕೊಡೆಗಳು ಒಂದೊಂದಾಗಿ ಮುಚ್ಚಿದವು. ಒಂದು ಬಿಟ್ಟು. ಬೇಕರಿಯಾಕೆಯ ಕೊಡೆ ತುಕ್ಕು ಹಿಡಿದು ಮುಚ್ಚಲೊಲ್ಲದು. ನಾಲ್ಕು ಜನ ಸೇರಿ ಎಳೆದರು, ಒಬ್ಬರು ಅದರ ಮೇಲೆ ಕೂತರು. ಮೌನಿ ಆ ಒಂದು ಕೊಡೆಯನ್ನೇ ನೋಡುತ್ತಾ ಕೂತಿದ್ದಾರೆ. ಕೊನೆಗೆ ಆಕೆ ಬಿಚ್ಚಿದ ಕೊಡೆ ಹಿಡಿದೇ ಓಡಿ ಹೋಗಿ ಲಾಂಚು ಹತ್ತಿದರು. ಹಿಂದೆಯೇ ನಾವೆಲ್ಲ ನುಗ್ಗಿದೆವು. ಆಗ ಹಗ್ಗ ಬಿಚ್ಚಿತು.

ಎಲ್ಲ ಮುಗಿಯಿತು ಎಂದುಕೊಂಡು ಪೆಚ್ಚುಮೋರೆ ಹಾಕಿಕೊಂಡು ಹೋಗುತ್ತಿದ್ದೆವು. ನಡುಹೊಳೆಯಲ್ಲಿ ನಿಮ್ಮ ಮಗ, ಅವರ ಕಣ್ಣು ಎಷ್ಟು ಚುರುಕು ನಿಮಗೆ ಗೊತ್ತಲ್ಲ, ‘ಸೇತುವೆ ಮೇಲೆ ನೋಡಿ’ ಎಂದರು. ಸಿಮೆಂಟು ಲಾರಿಯೊಂದರ ಹಿಂದೆ ಆ ಬಿಳಿ ಕಾರು, ಅದರ ಹಿಂದೆ ಇಡೀ ಲೋಕದ ವಾಹನಗಳು, ಯಾವುದೂ ಅಲುಗಾಡುತ್ತಿಲ್ಲ. ನಾವು ಆಚೆ ದಡ ಮುಟ್ಟಿ ಚಿಕ್ಕತ್ತೆಯನ್ನೂ ಅಲ್ಲಿನ ಜನರನ್ನೂ ಹತ್ತಿಸಿಕೊಂಡು ವಾಪಸು ಬಂದೆವು. ಕಾರು ಅದೇ ದೀಪದ ಕಂಬದ ಹತ್ತಿರ. ಇನ್ನೊಂದು ಸಲ ಹೋಗಿ ಬಂದೆವು. ಪಕ್ಕದ ಕಂಬಕ್ಕೆ ಬಂದಿತ್ತು. ಅಷ್ಟು ಹೊತ್ತಿಗೆ ಎಲ್ಲರಿಗೂ ಹುರುಪು ಬಂದು, ಸೇತುವೆಯ ಕಡೆಗೆ ಮಡಚಿದ ಕೊಡೆಗಳನ್ನು ಬೀಸತೊಡಗಿದೆವು. ಅಧಿಕಾರಿ ಕಾರಿಂದ ಇಳಿದು ಕಂಬಿಗೆ ಒರಗಿ ನಿಂತಿದ್ದರು. ಮೌನಿ ಅವರಿಗೊಂದು ಉದ್ದನೆಯ ಹಾರ್ನ್ ಹೊಡೆದರು. ಆಕೆ ಕೈ ಎತ್ತಿದರು. ಬೇಕರಿಯಾಕೆ ತಾನು ಬರೆದಿದ್ದ ಎರಡು ಪುಟವನ್ನು ಅಲ್ಲಿಂದಲೇ ಓದಿ ಹೇಳಲು ಹೊರಟರು, ಹಿಡಿದು ಕೂರಿಸಿದೆವು.

ಅವರು ನಮ್ಮ ಜೆಟ್ಟಿಗೆ ಬಂದಾಗ ಊಟದ ಹೊತ್ತು ಮೀರಿತ್ತು. ಬೇಕರಿಯಾಕೆ ಕೊಟ್ಟ ಬನ್ನು ಪೂರ್ತಿ ತಿಂದರು. ಆಮೇಲೆ ಮೌನಿಯನ್ನು ಕರೆದು, ‘ಬೆಳಗ್ಗೆ ಯಾಕ್ರೀ ಹೊರಡಲಿಲ್ಲ?’ ಎಂದು ಕೇಳಿದರು. ಮೌನಿ, ‘ಕೊಡೆ ಬಿಚ್ಚಿತ್ತು’ ಎಂದರು. ಅಷ್ಟೇ. ಆಕೆ ನಮ್ಮ ಮುಖ ನೋಡಿದರು, ಕ್ಷೌರದವರು ಬೆಕ್ಕಿನ ಕಿವಿಯ ಕೊಡೆಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದರು. ನಾನೇ ಮುಂದೆ ಹೋಗಿ ಎಲ್ಲವನ್ನೂ ವಿವರಿಸಿದೆ, ನಿಮ್ಮ ಕೆಂಪು ಕೊಡೆಯನ್ನೂ ತೋರಿಸಿದೆ. ಅವರು ನಗುತ್ತಾರೆ ಎಂದುಕೊಂಡಿದ್ದೆ, ನಗಲಿಲ್ಲ. ‘ಈ ಲಾಂಚು ಯಾವತ್ತೂ ಯಾಕೆ ತಡ ಅಂತ ಇಷ್ಟು ವರ್ಷ ನಮಗೆ ಅರ್ಥ ಆಗಿರಲಿಲ್ಲ’ ಎಂದರು. ಆದರೆ ವಾಪಸು ಹೋಗುವಾಗ ಖಾಲಿ ಕಾರನ್ನು ಸೇತುವೆಯ ಮೇಲೆ ಕಳಿಸಿ, ತಾವು ಲಾಂಚು ಹತ್ತಿದರು. ಕಿಟಕಿ ಪಕ್ಕದ ನಿಮ್ಮ ಜಾಗದಲ್ಲಿ ಕೂತರು. ಚಿಕ್ಕತ್ತೆ, ‘ಅದು ನಮ್ಮಕ್ಕನ ಜಾಗ, ಇವತ್ತೊಂದಿನ ಕೂತ್ಕೊಳ್ಳಿ ಪರವಾಗಿಲ್ಲ’ ಎಂದು ಅಪ್ಪಣೆ ಕೊಟ್ಟು ಪಕ್ಕದಲ್ಲಿ ಕೂತು, ಹೊಲಿಗೆ ಬಿಚ್ಚಿದಲ್ಲಿಂದ ಕಥೆ ಮುಂದುವರಿಸಿದರು.

ಕಳೆದ ವಾರ ಅದೇ ಗೋಡೆಯ ಮೇಲೆ ಹೊಸ ನೋಟಿಸು ಬಂತು. ಲಾಂಚು ಇರುತ್ತದೆ. ಎಂಜಿನ್ ರಿಪೇರಿಯೂ ಆಗುತ್ತದೆ. ಒಂದೇ ಷರತ್ತು: ಹೊತ್ತಿಗೆ ಸರಿಯಾಗಿ ಹೊರಡಬೇಕು, ದಡದಲ್ಲಿ ಕೊಡೆ ಎತ್ತಿದವರಿಗಾಗಿ ಕಾಯಕೂಡದು. ಊರು ಸಂಭ್ರಮದಲ್ಲಿ ಮುಳುಗಿತು, ಬ್ಯಾನರನ್ನು ನಿಮ್ಮ ಮಗ ಮಡಚಿ ಅಂಗಡಿಯ ಪರದೆ ಮಾಡಿಕೊಂಡರು. ಈಗ ಗಂಟೆ ಬಾರಿಸುತ್ತಾರೆ, ಎಲ್ಲರೂ ಓಡುತ್ತೇವೆ. ಓಡುವುದರಲ್ಲೂ ಒಂದು ಮಜಾ ಇದೆ, ಯಾರು ಹೇಗೆ ಓಡುತ್ತಾರೆ ಎಂಬುದು ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಮೊದಲ ದಿನವೇ ಕ್ಷೌರದವರು ತಡವಾಗಿ ಬಂದು ಅಭ್ಯಾಸಬಲದಿಂದ ಕೊಡೆ ಎತ್ತಿದರು. ಮೌನಿ ಕತ್ತು ಆಚೆ ತಿರುಗಿಸಿ ಲಾಂಚು ಬಿಟ್ಟರು. ‘ಗಡ್ಡಕ್ಕೆ ಬರ್ತೀಯಲ್ಲ, ಆಗ ನೋಡ್ಕೋತೀನಿ’ ಎಂದು ದಡದಿಂದ ಕೂಗಿದ್ದು ನಡುಹೊಳೆಯವರೆಗೂ ಕೇಳಿಸಿತು. ನಾವೆಲ್ಲ ಬಿದ್ದೂ ಬಿದ್ದೂ ನಕ್ಕೆವು. ಮೌನಿ ಮಾತ್ರ ನಗಲಿಲ್ಲ. ಆಚೆ ದಡ ಬರುವವರೆಗೂ ಹಿಂದೆ ತಿರುಗಿ ನೋಡಲೂ ಇಲ್ಲ.

ಅವತ್ತು ಪುಸ್ತಕ ತೆರೆದೆ, ಓದಲಾಗಲಿಲ್ಲ. ಬರುವವರಿದ್ದಾರೆ ಎಂದು ಒಂದು ದೊಡ್ಡ ಯಂತ್ರ ನೀರಿನ ಮೇಲೆ ಗುಡುಗುಡು ಎನ್ನುತ್ತಾ ನಿಂತಿರುವುದು ಎಂಥ ಸಂಗತಿ, ಅದನ್ನು ನಾವು ಇಷ್ಟು ದಿನ ಗಾಳಿ ಬೆಳಕಿನ ಹಾಗೆ ಬಳಸಿಬಿಟ್ಟೆವಲ್ಲ ಅನ್ನಿಸಿತು. ಈ ಊರಿಗೆ ಅದನ್ನು ಕಲಿಸಿದವರು ನೀವು. ಸುದ್ದಿ ಹೇಳಲು ಫೋನು ಮಾಡಿದಾಗ ನೀವು ಖುಷಿಪಡುತ್ತೀರಿ ಎಂದುಕೊಂಡಿದ್ದೆವು. ನೀವೋ, ‘ಕಾಯಲ್ಲ ಅಂದ್ರೆ ನನ್ನಂಥೋಳಿಗೆ ಲಾಂಚು ಇದ್ರೆಷ್ಟು, ಬಿಟ್ರೆಷ್ಟು’ ಎಂದಿರಿ. ನಿಜವೇ. ನಮ್ಮ ಮೆಟ್ಟಿಲುಗಳನ್ನು ಹೊಸ ಮಂಡಿ ಇಳಿಯುವಷ್ಟರಲ್ಲಿ ಗಂಟೆ ಎರಡು ಸಲ ಬಾರಿಸಿರುತ್ತದೆ. ನಾನು ಹವಾಮಾನದ ಬಗ್ಗೆ ಏನೋ ಹೇಳಿ ಫೋನು ಇಟ್ಟೆ. ಊರು ಗೆದ್ದಿತು, ನಮ್ಮ ಮನೆ ಮಾತ್ರ ಎಲ್ಲಿತ್ತೋ ಅಲ್ಲೇ ಉಳಿಯಿತು.

ಅತ್ತಿಗೆ ನಿಮಗೆಂದೇ ಕೋಣೆ ಅಣಿ ಮಾಡಿದ್ದಾರೆ, ಪ್ರೀತಿಯಿಂದ ನೋಡಿಕೊಳ್ಳುತ್ತಾರೆ, ನನಗೆ ಗೊತ್ತು. ನಿಮ್ಮನ್ನು ಬಲವಂತ ಮಾಡಲು ನನಗೆ ಬಾಯಿಲ್ಲ. ಮಧ್ಯಾಹ್ನದ ಲಾಂಚಿನಲ್ಲಿ ಚಿಕ್ಕತ್ತೆ ಒಬ್ಬರೇ ಬಂದು ಹೋಗುತ್ತಾರೆ ಎಂದಷ್ಟೇ ಹೇಳುತ್ತೇನೆ. ಅಧಿಕಾರಿಯ ಮೇಲಿನ ಉದಾರತೆ ಅವತ್ತಿಗೇ ಮುಗಿಯಿತು, ಈಗ ನಿಮ್ಮ ಜಾಗದಲ್ಲಿ ಚೀಲ ಇಟ್ಟು ಯಾರನ್ನೂ ಕೂರಲು ಬಿಡುವುದಿಲ್ಲ. ಆ ಚೀಲದ ಜೊತೆ ಜಗಳವಾಡಿದ್ದನ್ನೂ ನಾನು ಕಂಡಿದ್ದೇನೆ.

ಅತ್ತಿಗೆಗೆ, ಭಾವನಿಗೆ ನಮ್ಮ ನೆನಪು ತಿಳಿಸಿ. ನಿಮ್ಮ ಮಗ ಪಾದ ಮುಟ್ಟಿ ನಮಸ್ಕರಿಸುತ್ತಾರೆ, ಮಂಡಿಯನ್ನು ಮುಟ್ಟದೆ ಜಾಗ್ರತೆಯಾಗಿ. ನನ್ನದೂ ಅದೇ ಜಾಗ್ರತೆ, ಅದೇ ನಮಸ್ಕಾರ.

ನಲವತ್ತೆಂಟು ತುಂಬಿದರೂ ನೀವು ‘ಏ ಹುಡುಗಿ’ ಎಂದೇ ಕರೆಯುವ
ನಿಮ್ಮ ಸೊಸೆ

ಮರೆತಿದ್ದೆ: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ, ಹರಿದ ಮೂಲೆಗೆ ಬೈಯಬೇಡಿ. ನಿನ್ನೆ ಸಂಜೆ ಲಾಂಚಿಂದ ಇಳಿಯುವಾಗ ಮೌನಿ ನನ್ನನ್ನು ತಡೆದು, ‘ಟೀಚರಮ್ಮ ಯಾವಾಗ ಬರ್ತಾರೆ?’ ಎಂದು ಕೇಳಿದರು. ‘ಅವರಿಗೆ ಮೆಟ್ಟಿಲು ಇಳಿಯೋಕೆ ಹೊತ್ತು ಬೇಕು, ನೀವೀಗ ಕೊಡೆಗೆ ಕಾಯೋ ಹಾಗಿಲ್ವಲ್ಲ, ಅದಕ್ಕೇ ಬರಲ್ಲ ಅಂತಾರೆ’ ಎಂದೆ. ಮೌನಿ ಲಾಂಚಿನ ಕಡೆ ತಿರುಗಿ ಹೋದರು. ನಾನು ಅರ್ಧ ಮೆಟ್ಟಿಲು ಹತ್ತಿದ್ದೆ, ಹಿಂದಿನಿಂದ ಹಾರ್ನ್ ಕೇಳಿಸಿತು. ತಿರುಗಿದೆ. ಕೆಳಗೆ ನಿಂತು, ಜನ್ಮದಲ್ಲಿ ಅವರು ಆಡಿದ ಅತಿ ಉದ್ದದ ಮಾತು ಆಡಿದರು: ‘ಕೊಡೆಗೆ ಕಾಯಬೇಡಿ ಅಂತ ಬರ್ದಿದ್ದಾರೆ. ಕೋಲಿನ ಬಗ್ಗೆ ಏನೂ ಬರ್ದಿಲ್ಲ.’

ಆದ್ದರಿಂದ ಅತ್ತೆ, ಬರುವಾಗ ಬಾಗಿಲ ಹಿಂದಿನ ಆ ಕೋಲನ್ನು ಮರೆಯದೆ ತನ್ನಿ. ಊರಿಕೊಂಡು ನಡೆಯಲು ಯಾರೂ ಹೇಳುವುದಿಲ್ಲ. ಮೆಟ್ಟಿಲ ತುದಿಯಲ್ಲಿ ನಿಂತು ಒಮ್ಮೆ ಮೇಲೆತ್ತಿದರೆ ಸಾಕು.